ಪಿಸಿ ಆನ್ ಆಗ್ತಿಲ್ವಾ, ನಡುವೆ ಆಫ್ ಆಗ್ತಿದೆಯಾ? ಬಜೆಟ್ ಬಿಲ್ಡ್‌ನಲ್ಲಿ ಎಸ್‌ಎಂಪಿಎಸ್ ದೋಷ ಹುಡುಕುವ ಬಗೆ

ಕಡಿಮೆ ದುಡ್ಡಿನಲ್ಲಿ ಪಿಸಿ ಜೋಡಿಸುವಾಗ ಬಜೆಟ್ಟೆಲ್ಲ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿಗೇ ಹೋಗುತ್ತದೆ. ಗೋಡೆಯ ಕರೆಂಟನ್ನು ಪಿಸಿಯ ಭಾಗಗಳಿಗೆ ಬೇಕಾದ ಕಡಿಮೆ ವೋಲ್ಟಿಗೆ ಬದಲಿಸಿ ಕೊಡುವ ಡಬ್ಬ, ಅಂದರೆ ಎಸ್‌ಎಂಪಿಎಸ್, ಅದರ ಸರದಿ ಬರುವ ಹೊತ್ತಿಗೆ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಕ್ಯಾಬಿನೆಟ್ ಜೊತೆಗೇ ಬಂದ ಡಬ್ಬವನ್ನೋ, ಅಂಗಡಿಯವರು ಕೊಟ್ಟ ಅಗ್ಗದ '450 ವ್ಯಾಟ್' ಡಬ್ಬವನ್ನೋ ಕೂರಿಸಿಬಿಡುತ್ತೇವೆ. ಕೆಲವು ತಿಂಗಳು ಚೆನ್ನಾಗಿಯೇ ಓಡುತ್ತದೆ. ಆಮೇಲೆ ಒಂದು ದಿನ ಗೇಮ್ ನಡುವೆ ಪಕ್ ಅಂತ ಆಫ್. ಇಲ್ಲವೇ ಬೆಳಗ್ಗೆ ಬಟನ್ ಒತ್ತಿದರೆ ಸದ್ದೇ ಇಲ್ಲ.

ಇಲ್ಲಿ ಎರಡು ರೀತಿಯಲ್ಲಿ ದುಡ್ಡು ಹಾಳಾಗುತ್ತದೆ. ಎಸ್‌ಎಂಪಿಎಸ್ ಕೆಟ್ಟಿದ್ದರೂ ರ‍್ಯಾಮ್, ಮದರ್‌ಬೋರ್ಡ್ ಬದಲಿಸುತ್ತಾ ಹೋಗುವುದು ಒಂದು. ಸಡಿಲ ವೈರಿಗೆ ಹೊಸ ಎಸ್‌ಎಂಪಿಎಸ್ ತರುವುದು ಇನ್ನೊಂದು. ಎರಡೂ ಬೇಡ. ಕಾಣುವ ಲಕ್ಷಣ ಹಿಡಿದುಕೊಂಡು, ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡೋಣ.

ಮೊದಲು ಜೋಪಾನದ ಮಾತು

ಎಸ್‌ಎಂಪಿಎಸ್ ಡಬ್ಬವನ್ನು ಬಿಚ್ಚಬೇಡಿ. ಯಾವ ಕಾರಣಕ್ಕೂ ಬೇಡ. ನಮ್ಮ 230 ವೋಲ್ಟ್ ಎಸಿ ಒಳಗೆ ಹೋದ ಮೇಲೆ ಸುಮಾರು 325 ವೋಲ್ಟ್ ಡಿಸಿ ಆಗುತ್ತದೆ. ಆಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಕರೆಂಟ್ ಎಳೆಯುವ ರೀತಿಯನ್ನು ಸರಿಪಡಿಸುವ ಸರ್ಕ್ಯೂಟ್) ಇರುವ ಮಾದರಿಗಳಲ್ಲಿ ಅದು 380 ವೋಲ್ಟಿನ ಆಸುಪಾಸಿಗೆ ಏರುತ್ತದೆ. ಅದನ್ನು ಹಿಡಿದಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಚಾರ್ಜ್ ಇಟ್ಟುಕೊಂಡಿರಬಹುದು. ಅದರ ಶಾಕ್ ಪ್ರಾಣಕ್ಕೇ ಕುತ್ತು. ಈ ಬರಹದ ಎಲ್ಲ ಪರೀಕ್ಷೆಗಳೂ ಡಬ್ಬದ ಹೊರಗೆ ಮಾಡುವಂಥವು.

ಕ್ಯಾಬಿನೆಟ್ ಒಳಗೆ ಯಾವುದೇ ವೈರ್ ತೆಗೆಯುವ, ಹಾಕುವ ಮುಂಚೆ ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತುಬಿಡಿ. ಆಮೇಲೆ ಪಿಸಿಯ ಪವರ್ ಬಟನ್ ಅನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಚಾರ್ಜ್ ಖಾಲಿಯಾಗುತ್ತದೆ. ಕೈ ಒಣಗಿರಲಿ, ಕಾಲಿಗೆ ಚಪ್ಪಲಿ ಇರಲಿ.

ಬಟನ್ ಒತ್ತಿದರೂ ಏನೂ ಇಲ್ಲ: ಲೈಟೂ ಇಲ್ಲ, ಫ್ಯಾನೂ ಇಲ್ಲ

ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಚಾರ್ಜ್ ಆದರೆ ಗೋಡೆಯವರೆಗೆ ಕರೆಂಟ್ ಇದೆ. ನಡುವೆ ಎಕ್ಸ್‌ಟೆನ್ಷನ್ ಬಾಕ್ಸ್ ಇದ್ದರೆ ಅದನ್ನು ಬಿಟ್ಟು ನೇರ ಗೋಡೆಗೇ ಕೊಡಿ. ಅಗ್ಗದ ಸ್ಪೈಕ್ ಬಸ್ಟರ್‌ಗಳಲ್ಲಿ ಫ್ಯೂಸ್ ಹೋಗುವುದು, ಒಳಗಿನ ಪಟ್ಟಿ ಸಡಿಲವಾಗುವುದು ಮಾಮೂಲಿ. ಪವರ್ ಕೇಬಲ್ ಮೇಲೆ ಅನುಮಾನವಿದ್ದರೆ ಮಾನಿಟರ್‌ನ ಪವರ್ ಕೇಬಲ್ ತೆಗೆದು ಪಿಸಿಗೆ ಹಾಕಿ ನೋಡಿ. ಬಹಳಷ್ಟು ಮಾನಿಟರ್‌ಗಳಿಗೂ ಅದೇ ಥರದ ಮೂರು ಪಿನ್ನಿನ ಕೇಬಲ್ ಇರುತ್ತದೆ.

ಎಸ್‌ಎಂಪಿಎಸ್ ಹಿಂಭಾಗದಲ್ಲಿ ಸಣ್ಣ ಸ್ವಿಚ್ ಇದ್ದರೆ ಗೆರೆಯ ಕಡೆ ಒತ್ತಿರಬೇಕು, ಸೊನ್ನೆಯ ಕಡೆ ಅಲ್ಲ. ಧೂಳು ಒರೆಸುವಾಗ ಕೈ ತಾಗಿ ಇದು ಆಫ್ ಆಗಿರುವುದುಂಟು. ಹಳೆಯ ಮಾದರಿಗಳಲ್ಲಿ 115/230 ಎಂಬ ಕೆಂಪು ಸ್ವಿಚ್ ಕೂಡ ಇರುತ್ತದೆ. ನಮ್ಮಲ್ಲಿ ಅದು 230ರಲ್ಲೇ ಇರಬೇಕು. 115ಕ್ಕೆ ತಳ್ಳಿ ಪ್ಲಗ್ ಹಾಕಿದರೆ ಎಸ್‌ಎಂಪಿಎಸ್ ಆ ಕ್ಷಣವೇ ಸುಟ್ಟುಹೋಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಅದರ ಮೇಲೆ ಟೇಪ್ ಹಚ್ಚಿಡಿ.

ಇಷ್ಟಾದ ಮೇಲೆ ಕ್ಯಾಬಿನೆಟ್ ತೆರೆಯಿರಿ. ಬೋರ್ಡಿಗೆ ಹೋಗುವ 24 ಪಿನ್ನಿನ ದೊಡ್ಡ ಕನೆಕ್ಟರ್, ಪ್ರೊಸೆಸರ್ ಹತ್ತಿರದ 4 ಅಥವಾ 8 ಪಿನ್ನಿನ ಕನೆಕ್ಟರ್, ಎರಡನ್ನೂ ಕಿತ್ತು 'ಟಕ್' ಅನ್ನುವ ತನಕ ಮತ್ತೆ ಒತ್ತಿ. ಹೊಸದಾಗಿ ಜೋಡಿಸಿದ ಪಿಸಿಯಲ್ಲಿ ಈ ಎರಡನೆಯದೇ ಮರೆತುಹೋಗುವುದು ಜಾಸ್ತಿ.

ಪ್ಲಗ್ ಹಾಕಿದಾಗ ಬೋರ್ಡಿನ ಮೇಲೆ ಒಂದು ಸಣ್ಣ ಲೈಟ್ ಹತ್ತುತ್ತದಾ ನೋಡಿ. ಕೆಲವು ಬೋರ್ಡುಗಳಲ್ಲಿ ಮಾತ್ರ ಇದು ಇರುತ್ತದೆ. ಹತ್ತಿದರೆ ಎಸ್‌ಎಂಪಿಎಸ್‌ನ 5 ವೋಲ್ಟ್ ಸ್ಟ್ಯಾಂಡ್‌ಬೈ (ಪಿಸಿ ಆಫ್ ಇದ್ದಾಗಲೂ ಬೋರ್ಡಿಗೆ ಹೋಗುವ ಪವರ್) ಬರುತ್ತಿದೆ ಎಂದರ್ಥ. ಆಗ ಕ್ಯಾಬಿನೆಟ್‌ನ ಪವರ್ ಬಟನ್ನೇ ಕೆಟ್ಟಿರಬಹುದು. ಬೋರ್ಡಿನಲ್ಲಿ ಆ ಬಟನ್ನಿನ ವೈರ್ ಕೂರುವ ಎರಡು ಪಿನ್ ಇವೆಯಲ್ಲ, ವೈರ್ ತೆಗೆದು ಆ ಎರಡೇ ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ. ಪಿಸಿ ಆನ್ ಆದರೆ ಬಟನ್ನಿನದೇ ತಪ್ಪು. ರೀಸೆಟ್ ಬಟನ್ ಇದ್ದರೆ ಅದರ ವೈರನ್ನೇ ಆ ಜಾಗಕ್ಕೆ ಹಾಕಿಕೊಂಡು ನಡೆಸಬಹುದು, ಒಂದು ರೂಪಾಯಿ ಖರ್ಚಿಲ್ಲ.

ಇದ್ಯಾವುದೂ ಅಲ್ಲವೆಂದರೆ ಎಸ್‌ಎಂಪಿಎಸ್ ಅನ್ನು ಒಂಟಿಯಾಗಿ ಓಡಿಸಿ ನೋಡಬೇಕು. ಪ್ಲಗ್ ಕಿತ್ತಿರಲಿ. ಬೋರ್ಡು, ಡ್ರೈವು, ಕಾರ್ಡು ಎಲ್ಲದರಿಂದಲೂ ಅದರ ವೈರುಗಳನ್ನು ಬಿಡಿಸಿ. 24 ಪಿನ್ನಿನ ಕನೆಕ್ಟರ್‌ನಲ್ಲಿ ಹಸಿರು ವೈರ್ ಒಂದೇ ಒಂದು ಇರುತ್ತದೆ. ಬಗ್ಗಿಸಿದ ಪೇಪರ್ ಕ್ಲಿಪ್‌ನ ಒಂದು ತುದಿಯನ್ನು ಆ ಹಸಿರಿನ ತೂತಿಗೆ, ಇನ್ನೊಂದನ್ನು ಪಕ್ಕದ ಕಪ್ಪು ವೈರಿನ ತೂತಿಗೆ ಹಾಕಿ. ಕೈ ತೆಗೆದ ಮೇಲೆಯೇ ಪ್ಲಗ್ ಹಾಕಿ ಸ್ವಿಚ್ ಆನ್ ಮಾಡಿ. ಎಲ್ಲ ವೈರೂ ಕಪ್ಪಗಿದ್ದರೆ ಅಂದಾಜಿನ ಮೇಲೆ ಚುಚ್ಚಬೇಡಿ. ಕೈಪಿಡಿಯ ಚಿತ್ರದಲ್ಲಿ 16ನೇ ಪಿನ್ ಯಾವುದೆಂದು ಖಚಿತ ಮಾಡಿಕೊಳ್ಳಿ.

ಫ್ಯಾನ್ ತಿರುಗಲೇ ಇಲ್ಲವೆಂದರೆ ಎಸ್‌ಎಂಪಿಎಸ್ ಹೋಗಿದೆ ಎನ್ನುವುದು ಬಹುಮಟ್ಟಿಗೆ ಖಾತ್ರಿ. ಲೋಡ್ ಇಲ್ಲದಾಗ ಫ್ಯಾನ್ ನಿಲ್ಲಿಸಿಡುವ ಕೆಲವು ದುಬಾರಿ ಮಾದರಿಗಳು ಮಾತ್ರ ಇದಕ್ಕೆ ಹೊರತು. ಆದರೆ ಫ್ಯಾನ್ ತಿರುಗಿತು ಎಂದ ಮಾತ್ರಕ್ಕೆ ಎಸ್‌ಎಂಪಿಎಸ್ ಸರಿಯಿದೆ ಎನ್ನುವಂತಿಲ್ಲ. ಲೋಡ್ ಇಲ್ಲದೆ ತಿರುಗಿ, ಲೋಡ್ ಬಿದ್ದಾಗ ಕುಸಿಯುವವು ಬೇಕಾದಷ್ಟಿವೆ. ಈ ಒಂದು ಪರೀಕ್ಷೆಯನ್ನು ನಂಬಿ ಬೋರ್ಡ್ ಬದಲಿಸಿದವರು ಬಹಳ ಮಂದಿ.

ಫ್ಯಾನ್ ಒಂದು ಸುತ್ತು ತಿರುಗಿ ನಿಂತುಬಿಡುತ್ತದೆ

ಇದು ಹೆಚ್ಚಾಗಿ ಎಸ್‌ಎಂಪಿಎಸ್ ತನ್ನ ಕೆಲಸ ಸರಿಯಾಗಿ ಮಾಡುತ್ತಿರುವ ಲಕ್ಷಣ. ಎಲ್ಲೋ ಶಾರ್ಟ್ ಆಗಿದೆ, ಅದು ಗೊತ್ತಾಗಿ ತಾನಾಗಿ ಬಂದ್ ಮಾಡಿಕೊಳ್ಳುತ್ತಿದೆ. ಹಾರ್ಡ್ ಡಿಸ್ಕ್, ಗ್ರಾಫಿಕ್ಸ್ ಕಾರ್ಡ್, ಮುಂಭಾಗದ ಯುಎಸ್‌ಬಿ ವೈರು ಒಂದೊಂದಾಗಿ ತೆಗೆದು ನೋಡಿ, ಪ್ರತಿ ಸಲವೂ ಪ್ಲಗ್ ಕಿತ್ತು. ಯಾವುದನ್ನು ತೆಗೆದಾಗ ಪಿಸಿ ನಿಲ್ಲದೆ ಓಡುತ್ತದೋ ತಪ್ಪು ಅಲ್ಲಿದೆ. ಮುಂಭಾಗದ ಯುಎಸ್‌ಬಿ ಪೋರ್ಟಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಬಗ್ಗಿದ ಒಂದು ಪಿನ್ ಇಡೀ ಪಿಸಿಯನ್ನು ನಿಲ್ಲಿಸಬಲ್ಲದು. ಬೋರ್ಡಿನ ಅಡಿ ಬಿದ್ದ ಸ್ಕ್ರೂ, ಬೇಡದ ಜಾಗದಲ್ಲಿ ಉಳಿದ ಹಿತ್ತಾಳೆ ಸ್ಟ್ಯಾಂಡಾಫ್ (ಬೋರ್ಡನ್ನು ಕ್ಯಾಬಿನೆಟ್‌ನಿಂದ ಎತ್ತಿ ಹಿಡಿಯುವ ಸಣ್ಣ ಕಂಬ), ನಮ್ಮ ಕಡೆ ಹಲ್ಲಿ, ಜಿರಳೆ ಕೂಡ ಇದೇ ಲಕ್ಷಣ ತೋರಿಸುತ್ತವೆ. ಎಲ್ಲ ತೆಗೆದು ಬರೀ ಬೋರ್ಡು, ಪ್ರೊಸೆಸರ್, ಒಂದು ರ‍್ಯಾಮ್ ಉಳಿಸಿದರೂ ಹಾಗೇ ಆದರೆ ಅಂಗಡಿಗೆ ಒಯ್ಯುವ ಸಮಯ.

ಫ್ಯಾನ್ ಎಲ್ಲ ಓಡುತ್ತದೆ, ಸ್ಕ್ರೀನ್ ಮೇಲೆ ಏನೂ ಇಲ್ಲ

ಇದಕ್ಕೆ ಎಸ್‌ಎಂಪಿಎಸ್ ಕಾರಣವಾಗುವುದು ಕಡಿಮೆ. ರ‍್ಯಾಮ್ ತೆಗೆದು ಒರೆಸಿ ಬೇರೆ ಸ್ಲಾಟಿಗೆ ಹಾಕಿ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಹೋಗಿದೆಯಾ ನೋಡಿ. ಹೆಸರಿನ ಕೊನೆಗೆ 'ಎಫ್' ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್ ಇರುವುದಿಲ್ಲ, ಬೋರ್ಡಿನ ಎಚ್‌ಡಿಎಂಐಗೆ ಹಾಕಿದರೆ ಎಂದೂ ಚಿತ್ರ ಬರದು. ಕಾರ್ಡಿನ 6 ಅಥವಾ 8 ಪಿನ್ ಪವರ್ ಕೊಟ್ಟಿದ್ದೀರಾ ಎಂದೂ ಖಚಿತ ಮಾಡಿಕೊಳ್ಳಿ.

ಗೇಮ್ ಆಡುವಾಗ, ರೆಂಡರ್ ಮಾಡುವಾಗ ಆಫ್

ಬಜೆಟ್ ಪಿಸಿಗಳಲ್ಲಿ ಅತಿ ಹೆಚ್ಚು ಕಾಣುವ ದೂರು ಇದೇ. ಕಾರಣ ಶಾಖವೋ, ಪವರೋ ಎಂದು ಮೊದಲು ಬೇರೆ ಮಾಡಬೇಕು.

ಎಚ್‌ಡಬ್ಲ್ಯೂ ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡುಗಳ ಬಿಸಿ ನೋಡಿ. ಶಾಖದ ತೊಂದರೆ ನಿಧಾನಕ್ಕೆ ಬರುತ್ತದೆ. ಮೊದಲು ಫ್ಯಾನ್ ಜೋರಾಗುತ್ತದೆ, ಬಿಸಿ 95-100 ಡಿಗ್ರಿ ಮುಟ್ಟುತ್ತದೆ, ಗೇಮ್ ಎಳೆಯತೊಡಗುತ್ತದೆ, ಆಮೇಲೆ ಆಫ್. ಹಾಗಿದ್ದರೆ ಧೂಳು ತೆಗೆಸಿ, ಪ್ರೊಸೆಸರ್ ಮತ್ತು ಅದರ ಕೂಲರ್ ನಡುವಿನ ಥರ್ಮಲ್ ಪೇಸ್ಟ್ ಬದಲಿಸಿ. ಎಸ್‌ಎಂಪಿಎಸ್ ತೊಂದರೆಗೆ ಇಂಥ ಮುನ್ಸೂಚನೆ ಇರುವುದಿಲ್ಲ. ಬಿಸಿ 65-70ರಲ್ಲೇ ಇರುತ್ತದೆ, ದೃಶ್ಯ ಬದಲಾಗಿ ಕಾರ್ಡಿನ ಮೇಲೆ ಒಮ್ಮೆಲೇ ಹೊರೆ ಬೀಳುತ್ತದೆ, ಸ್ವಿಚ್ ಆರಿಸಿದ ಹಾಗೆ ಎಲ್ಲ ಕತ್ತಲು.

ಪಿಸಿಯಲ್ಲಿ ನಡೆದದ್ದರ ದಾಖಲೆ ತೋರಿಸುವ ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ 'ಕರ್ನಲ್ ಪವರ್ 41' ಎಂದು ಕಂಡರೆ ಎಸ್‌ಎಂಪಿಎಸ್ ಕೆಟ್ಟಿದೆ ಎಂದು ತೀರ್ಮಾನಿಸುವವರಿದ್ದಾರೆ. ಅದು ಹೇಳುವುದು ಪಿಸಿ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ. ಮನೆಯ ಕರೆಂಟ್ ಹೋದರೂ ಅದೇ ದಾಖಲೆ ಬರುತ್ತದೆ.

ದುಡ್ಡು ಖರ್ಚಿಲ್ಲದ ಒಳ್ಳೆಯ ಪರೀಕ್ಷೆ ಒಂದಿದೆ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನ ಪವರ್ ಲಿಮಿಟ್ ಅನ್ನು 70 ಶೇಕಡಕ್ಕೆ ಇಳಿಸಿ, ಅಥವಾ ಕಾರ್ಡ್ ಬಿಡುವಷ್ಟು ಕಡಿಮೆಗೆ ಇಳಿಸಿ. ಗೇಮಿನಲ್ಲಿ ಫ್ರೇಮ್ ರೇಟ್ 60ಕ್ಕೆ ಕಟ್ಟಿಹಾಕಿ. ಒಂದೆರಡು ದಿನ ಅದೇ ಗೇಮ್ ಆಡಿ. ಆಫ್ ಆಗುವುದು ನಿಂತರೆ, ಬಿಸಿಯೂ ಮುಂಚೆಯೇ ಕಡಿಮೆ ಇತ್ತೆಂದರೆ, ಅನುಮಾನ ಗಟ್ಟಿಯಾಗಿ ಎಸ್‌ಎಂಪಿಎಸ್ ಕಡೆಗೆ ಹೋಗುತ್ತದೆ. ಕಾರ್ಡಿಗೆ ಎರಡು ಪವರ್ ಸಾಕೆಟ್ ಇದ್ದು ಎರಡಕ್ಕೂ ಒಂದೇ ಕೇಬಲ್‌ನ ಎರಡು ತುದಿ ಹಾಕಿದ್ದರೆ, ಎಸ್‌ಎಂಪಿಎಸ್‌ನಲ್ಲಿ ಇನ್ನೊಂದು ಕೇಬಲ್ ಇದ್ದಲ್ಲಿ ಬೇರೆ ಬೇರೆ ಕೊಟ್ಟು ನೋಡಿ.

ಮಲ್ಟಿಮೀಟರ್ ಇದ್ದರೆ ಇನ್ನೂ ಮುಂದೆ ಹೋಗಬಹುದು. ಸಾಫ್ಟ್‌ವೇರ್ ತೋರಿಸುವ ವೋಲ್ಟೇಜ್ ಅಷ್ಟು ನಂಬುವಂಥದ್ದಲ್ಲ. ಮೀಟರ್ ಅನ್ನು ಡಿಸಿ 20 ವೋಲ್ಟಿಗೆ ಇಡಿ. ಖಾಲಿ ಇರುವ ನಾಲ್ಕು ಪಿನ್ನಿನ ಮೋಲೆಕ್ಸ್ ಕನೆಕ್ಟರ್‌ನಲ್ಲಿ ಕಪ್ಪು ಪ್ರೋಬನ್ನು ಕಪ್ಪು ವೈರಿಗೆ, ಕೆಂಪು ಪ್ರೋಬನ್ನು ಹಳದಿ ವೈರಿಗೆ ಇಡಿ. ಪ್ರೋಬ್ ತುದಿಗಳು ಒಂದಕ್ಕೊಂದು ತಾಗದಂತೆ ಹಿಡಿಯಿರಿ. ಸುಮ್ನೆ ಕೂತಾಗ ಎಷ್ಟಿದೆ, ಗೇಮ್ ಓಡುವಾಗ ಎಷ್ಟಾಯಿತು, ಬರೆದುಕೊಳ್ಳಿ. ಪಿಸಿಯ ಎಸ್‌ಎಂಪಿಎಸ್‌ಗಳು ಪಾಲಿಸುವ ಎಟಿಎಕ್ಸ್ ಮಾನದಂಡ ಶೇಕಡ 5ರಷ್ಟು ಏರಿಳಿತವನ್ನು ಒಪ್ಪುತ್ತದೆ. ಅಂದರೆ 12 ವೋಲ್ಟ್ 11.4ರಿಂದ 12.6ರ ಒಳಗೆ, ಕೆಂಪು ವೈರಿನ 5 ವೋಲ್ಟ್ 4.75ರಿಂದ 5.25ರ ಒಳಗೆ ಇರಬೇಕು.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಲೋಡ್ ಬಿದ್ದಾಗ 12 ವೋಲ್ಟ್ 11.5ಕ್ಕೆ ಇಳಿದು, ಅದೇ ಹೊತ್ತಿಗೆ 5 ವೋಲ್ಟ್ 5.2ಕ್ಕೆ ಏರಿದರೆ ಎರಡೂ ಮಿತಿಯೊಳಗೇ ಇವೆ. ಆದರೂ ಅದು ಒಳ್ಳೆಯ ಸೂಚನೆ ಅಲ್ಲ. ಹಳೆಯ ವಿನ್ಯಾಸದ ಅಗ್ಗದ ಎಸ್‌ಎಂಪಿಎಸ್‌ಗಳು 12 ಮತ್ತು 5 ವೋಲ್ಟನ್ನು ಒಟ್ಟಿಗೇ ನಿಯಂತ್ರಿಸುತ್ತವೆ. ಒಂದನ್ನು ಎತ್ತಲು ಹೋದರೆ ಇನ್ನೊಂದೂ ಏರುತ್ತದೆ. ಇಂದಿನ ಪಿಸಿಯಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ 12 ವೋಲ್ಟನ್ನೇ ಎಳೆಯುತ್ತವೆ, 5ಕ್ಕೆ ಕೆಲಸ ಕಡಿಮೆ. ಹಾಗಾಗಿ ಇಂಥ ಡಬ್ಬ ಹೊಸ ಪಿಸಿಗೆ ಹೊಂದುವುದೇ ಇಲ್ಲ. ಮೀಟರ್ ಓದು ಚೆನ್ನಾಗಿದ್ದೂ ಆಫ್ ಆಗುತ್ತಿದ್ದರೂ ಎಸ್‌ಎಂಪಿಎಸ್ ಮೇಲಿನ ಅನುಮಾನ ಪೂರ್ತಿ ಬಿಡಬೇಡಿ. ಗ್ರಾಫಿಕ್ಸ್ ಕಾರ್ಡುಗಳು ಕೆಲವು ಮಿಲಿಸೆಕೆಂಡು ಮಾತ್ರ ಬಹಳ ಜಾಸ್ತಿ ಎಳೆಯುತ್ತವೆ, ಸಾಮಾನ್ಯ ಮೀಟರ್‌ಗೆ ಅದು ಕಾಣುವುದಿಲ್ಲ.

ಕೊನೆಯ ಪರೀಕ್ಷೆ, ಎಲ್ಲಕ್ಕಿಂತ ನಂಬಿಕೆಯದು: ಸ್ನೇಹಿತರ ಒಳ್ಳೆಯ ಎಸ್‌ಎಂಪಿಎಸ್ ತಂದು ಹಾಕಿ ನೋಡುವುದು. ಬೆಂಗಳೂರಿನವರಾದರೆ ಎಸ್.ಪಿ. ರೋಡಿನಂಥ ಕಡೆ ಸರ್ವಿಸ್ ಅಂಗಡಿಗೆ ಒಯ್ದು ಬದಲಿ ಹಾಕಿಸಿ, ಅಲ್ಲೇ ಲೋಡ್ ಟೆಸ್ಟ್ ಮಾಡಿಸಿ. ಮಾಡ್ಯುಲರ್ (ಕೇಬಲ್‌ಗಳನ್ನು ಡಬ್ಬದಿಂದ ಬಿಡಿಸಬಹುದಾದ) ಎಸ್‌ಎಂಪಿಎಸ್ ಆದರೆ ಅದರ ಕೇಬಲ್‌ಗಳನ್ನೇ ಬಳಸಿ. ಬೇರೆ ಕಂಪನಿಯ ಕೇಬಲ್ ಅದೇ ತೂತಿಗೆ ಕೂತರೂ ಒಳಗಿನ ಪಿನ್ ಕ್ರಮ ಬೇರೆ ಇರಬಹುದು. ಡ್ರೈವಿಗೆ 5 ವೋಲ್ಟ್ ಹೋಗುವ ಜಾಗದಲ್ಲಿ 12 ಹೋದರೆ ಡೇಟಾ ಸಮೇತ ಹೋಯಿತು.

ಹಾರ್ಡ್ ಡಿಸ್ಕ್ ಮಾಯವಾಗುವುದು, ಟಿಕ್ ಟಿಕ್ ಸದ್ದು

ಮೊದಲು ಬೇರೆ ಏನನ್ನೂ ಮಾಡದೆ ಡೇಟಾ ಬ್ಯಾಕಪ್ ತೆಗೆದುಕೊಳ್ಳಿ. ಆಮೇಲೆ ಡ್ರೈವಿಗೆ ಬೇರೆ ಸಾಟಾ (ಡ್ರೈವುಗಳ ಚಪ್ಪಟೆ ಕನೆಕ್ಟರ್) ಪವರ್ ತುದಿ ಹಾಕಿ ನೋಡಿ. ಟಿಕ್ ಟಿಕ್ ನಿಂತರೆ ಪವರ್ ತೊಂದರೆ, ನಿಲ್ಲದಿದ್ದರೆ ಡಿಸ್ಕೇ ಸಾಯುತ್ತಿದೆ. ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ, ಪ್ಲಾಸ್ಟಿಕ್ ಎರಕ ಹೊಯ್ದ ಅಗ್ಗದ ಅಡಾಪ್ಟರ್ ಇದ್ದರೆ ಇಂದೇ ತೆಗೆಯಿರಿ. ಒಳಗಿನ ವೈರುಗಳು ಒಂದಕ್ಕೊಂದು ತಾಗಿ ಬೆಂಕಿ ಹತ್ತುವುದಕ್ಕೆ ಇವು ಕುಖ್ಯಾತ.

ಯುಪಿಎಸ್ ಇದ್ದರೂ ಕರೆಂಟ್ ಹೋದ ಕ್ಷಣ ರೀಸ್ಟಾರ್ಟ್

ಯುಪಿಎಸ್ ಬ್ಯಾಟರಿಗೆ ಬದಲಾಗಲು ಕೆಲವು ಮಿಲಿಸೆಕೆಂಡು ಬೇಕು. ಆ ಸಂದಿಯಲ್ಲಿ ಎಸ್‌ಎಂಪಿಎಸ್ ತನ್ನ ಕೆಪಾಸಿಟರ್‌ನಲ್ಲಿದ್ದ ಶಕ್ತಿಯಿಂದ ಪಿಸಿಯನ್ನು ನಡೆಸಬೇಕು. ಒಳ್ಳೆಯದಾದರೆ 16-17 ಮಿಲಿಸೆಕೆಂಡು ತಡೆಯುತ್ತದೆ. ಸಣ್ಣ ಕೆಪಾಸಿಟರ್ ಹಾಕಿ ಉಳಿತಾಯ ಮಾಡಿದ ಡಬ್ಬ ಅಷ್ಟು ತಡೆಯುವುದಿಲ್ಲ.

ಆದರೆ ಮೊದಲು ಯುಪಿಎಸ್ ಅನ್ನೇ ನೋಡಿ. ಗೇಮ್ ಇಲ್ಲದೆ, ಸುಮ್ನೆ ಡೆಸ್ಕ್‌ಟಾಪ್‌ನಲ್ಲಿರುವಾಗ ಮೇನ್ ಸ್ವಿಚ್ ಆರಿಸಿ. ಆಗ ಪಿಸಿ ಆಫ್ ಆಗದೆ ಉಳಿದು, ಗೇಮ್ ವೇಳೆ ಮಾತ್ರ ಆಫ್ ಆದರೆ ಯುಪಿಎಸ್ ಸಾಮರ್ಥ್ಯ ಸಾಲುತ್ತಿಲ್ಲ. ಮನೆಗಳಲ್ಲಿ ಸಾಮಾನ್ಯವಾದ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್ ಮಾತ್ರ, ಮಾನಿಟರೂ ಅದರಲ್ಲೇ. ಬ್ಯಾಟರಿ ಎರಡು-ಮೂರು ವರ್ಷ ಹಳೆಯದಾದರೆ ಅದೂ ಇಲ್ಲ. ಇಡೀ ಮನೆಯ ಇನ್ವರ್ಟರ್‌ನಿಂದ ನಡೆಸುವವರು ಅದರ ಹಿಂದಿನ ಸ್ವಿಚ್ 'ಯುಪಿಎಸ್' ಮೋಡಿನಲ್ಲಿದೆಯಾ ನೋಡಿ. 'ನಾರ್ಮಲ್' ಅಥವಾ 'ಇಕೋ' ಮೋಡಿನಲ್ಲಿ ಬದಲಾವಣೆ ನಿಧಾನ, ಪಿಸಿ ತಡೆಯದು. ಆಕ್ಟಿವ್ ಪಿಎಫ್‌ಸಿ ಇರುವ ಎಸ್‌ಎಂಪಿಎಸ್‌ಗೆ ಸ್ಕ್ವೇರ್ ವೇವ್ ಇನ್ವರ್ಟರ್‌ಗಿಂತ ಸೈನ್ ವೇವ್‌ನದು ಒಳ್ಳೆಯದು.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ

ಎಸ್‌ಎಂಪಿಎಸ್ ಶಾರ್ಟ್ ಆಗಿದೆ ಎಂದು ಹೆದರಿ ಹೊಸದು ತರುತ್ತಾರೆ, ಹೊಸದರಲ್ಲೂ ಜುಮ್ ಅನ್ನುತ್ತದೆ. ಬಹಳ ಸಲ ಮನೆಯ ಅರ್ತಿಂಗ್ ಇಲ್ಲದಿರುವುದೇ ಕಾರಣ. ಎಸ್‌ಎಂಪಿಎಸ್‌ನ ಫಿಲ್ಟರ್‌ನಲ್ಲಿ ಫೇಸ್‌ನಿಂದ ಡಬ್ಬಕ್ಕೊಂದು, ನ್ಯೂಟ್ರಲ್‌ನಿಂದ ಡಬ್ಬಕ್ಕೊಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅವುಗಳಿಂದ ಬರುವ ಅತಿ ಸಣ್ಣ ಕರೆಂಟು ಅರ್ತ್ ವೈರ್ ಮೂಲಕ ನೆಲಕ್ಕೆ ಹೋಗಬೇಕು. ಅರ್ತ್ ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ 230ರ ಅರ್ಧದಷ್ಟು, ಸುಮಾರು 115 ವೋಲ್ಟ್ ತೇಲುತ್ತಾ ನಿಲ್ಲುತ್ತದೆ. ಟೆಸ್ಟರ್ ಮಂದವಾಗಿ ಹೊಳೆಯುವುದೂ ಅದಕ್ಕೇ.

ಎರಡು ಪಿನ್ನಿನ ಅಡಾಪ್ಟರ್ ಅಥವಾ ಅರ್ತ್ ಪಿನ್ ಮುರಿದ ಪ್ಲಗ್ ಇದ್ದರೆ ಮೊದಲು ಬದಲಿಸಿ. ಅರ್ತ್ ಇದೆ ಎಂದು ಗೊತ್ತಿರುವ ಬೇರೆ ಸಾಕೆಟ್ಟಿಗೆ ಹಾಕಿದಾಗ ಜುಮ್ ನಿಂತರೆ ಕಾರಣ ಸಿಕ್ಕಿತು. ಸಾಕೆಟ್ ಒಳಗಿನ ಅಳತೆ ಎಲೆಕ್ಟ್ರಿಷಿಯನ್ ಮಾಡಲಿ. ಫೇಸ್-ಅರ್ತ್ ನಡುವೆ ಸುಮಾರು 230, ನ್ಯೂಟ್ರಲ್-ಅರ್ತ್ ನಡುವೆ ಕೆಲವೇ ವೋಲ್ಟ್ ಬರಬೇಕು ಎಂದು ಅವರಿಗೆ ಹೇಳಿ. ಜುಮ್ ಅನ್ನುವುದಲ್ಲ, ಕೈ ಒದರುವಂಥ ಶಾಕ್ ಆದರೆ ಅದು ಬೇರೆ ಮಾತು. ಆ ಪಿಸಿಯನ್ನು ಮತ್ತೆ ಮುಟ್ಟಬೇಡಿ, ಮೇನ್ ಆರಿಸಿ ಎಲೆಕ್ಟ್ರಿಷಿಯನ್ ಕರೆಯಿರಿ.

ಸುಟ್ಟ ವಾಸನೆ, ಹೊಗೆ, 'ಟಪ್' ಸದ್ದು

ಇಲ್ಲಿ ಪರೀಕ್ಷೆ ಏನೂ ಇಲ್ಲ. ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕೀಳಿ. ಬೆಂಕಿ ಕಂಡರೆ ನೀರು ಹಾಕಬೇಡಿ. 'ಒಮ್ಮೆ ನೋಡೋಣ' ಅಂತ ಮತ್ತೆ ಆನ್ ಮಾಡುವುದು ಬೇಡವೇ ಬೇಡ. ಬದುಕುಳಿದಿದ್ದ ಬೋರ್ಡು ಆ ಎರಡನೆಯ ಸಲಕ್ಕೆ ಹೋಗಬಹುದು. ಕನೆಕ್ಟರ್ ಕರಗಿ ಕಂದಾಗಿದ್ದರೆ ಆ ಕೇಬಲ್ ಮತ್ತೆ ಬಳಸಬೇಡಿ. ಫ್ಯಾನ್ ಗೊರಗುಟ್ಟುವುದು, ಲೋಡ್‌ನಲ್ಲಿ ಸಣ್ಣಗೆ ಚೀರುವುದು ಇಷ್ಟು ಅಪಾಯದ್ದಲ್ಲ. ಚೀರುವುದು ಕಾಯಿಲ್‌ನ ಕಂಪನ. ಗೊರಗುಟ್ಟುವ ಫ್ಯಾನ್ ಮಾತ್ರ ಒಂದು ದಿನ ನಿಲ್ಲುತ್ತದೆ, ವಾರಂಟಿ ಇರುವಾಗಲೇ ಕೊಟ್ಟುಬಿಡಿ.

ಮಲೆನಾಡು, ಕರಾವಳಿಯಲ್ಲಿ ಗುಡುಗು ಶುರುವಾದರೆ ಪ್ಲಗ್ ಜೊತೆಗೆ ಲ್ಯಾನ್ ಕೇಬಲ್ಲನ್ನೂ ಕೀಳಿ. ಸಿಡಿಲಿನ ಹೊಡೆತ ಆ ದಾರಿಯಿಂದಲೂ ಬರುತ್ತದೆ, ಸ್ವಿಚ್ ಆಫ್ ಮಾಡಿದರೆ ಸಾಲದು.

ಹೊಸದು ತರಬೇಕೆಂದು ಖಾತ್ರಿಯಾದ ಮೇಲೆ

ಡಬ್ಬದ ಮೇಲಿನ ದೊಡ್ಡ ಅಂಕಿ ನೋಡಬೇಡಿ. ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಎಂದಿರುವ ಕಡೆ ಎಷ್ಟು ಆಂಪ್ ಇದೆ ನೋಡಿ, 12ರಿಂದ ಗುಣಿಸಿ. 16 ಆಂಪ್ ಇದ್ದರೆ 192 ವ್ಯಾಟ್. ಮೇಲೆ '450' ಎಂದು ಎಷ್ಟೇ ದಪ್ಪಗೆ ಬರೆದಿರಲಿ, ನಿಮ್ಮ ಪ್ರೊಸೆಸರ್ ಮತ್ತು ಕಾರ್ಡಿಗೆ ಸಿಗುವುದು ಅಷ್ಟೇ. ಒಳ್ಳೆಯ 450 ವ್ಯಾಟಿನದರಲ್ಲಿ ಹೆಚ್ಚುಕಮ್ಮಿ ಪೂರ್ತಿ ಶಕ್ತಿ 12 ವೋಲ್ಟಿನಲ್ಲೇ ಇರುತ್ತದೆ, ಅಂದರೆ 36-37 ಆಂಪ್. 12 ವೋಲ್ಟ್ ಎರಡು ಸಾಲಿನಲ್ಲಿ ಇದ್ದರೆ ಎರಡನ್ನೂ ಕೂಡಿಸಬೇಡಿ, ಒಟ್ಟು ಎಂದು ಬೇರೆ ಕೊಟ್ಟಿರುವ ವ್ಯಾಟ್ ನೋಡಿ. ಚೀಟಿಯಲ್ಲಿ ಆಂಪ್ ವಿವರವೇ ಇಲ್ಲದಿದ್ದರೆ ಆ ಡಬ್ಬವನ್ನು ಅಲ್ಲೇ ಬಿಡಿ.

ನಿಮಗೆಷ್ಟು ಬೇಕು? ಕೋರ್ ಐ5-12400ಎಫ್ ಗರಿಷ್ಠ 117 ವ್ಯಾಟ್, ಆರ್‌ಟಿಎಕ್ಸ್ 3060 ಕಾರ್ಡು 170 ವ್ಯಾಟ್, ಬೋರ್ಡು, ರ‍್ಯಾಮ್, ಡ್ರೈವು, ಫ್ಯಾನ್‌ಗಳಿಗೆ 50 ಸೇರಿಸಿ. ಒಟ್ಟು 337. ಕ್ಷಣಿಕ ಎಳೆತಕ್ಕೂ ಜಾಗ ಬೇಕು, ಎನ್ವಿಡಿಯಾ ಈ ಕಾರ್ಡಿಗೆ 550 ವ್ಯಾಟ್ ಹೇಳುವುದು ಅದಕ್ಕೇ. ಅದೇ ರೈಜನ್ 5 5600ಜಿ ಹಾಕಿ, ಬೇರೆ ಕಾರ್ಡೇ ಇಲ್ಲದಿದ್ದರೆ ಒಳ್ಳೆಯ 400-450 ವ್ಯಾಟಿನದು ಧಾರಾಳ. ನನ್ನ ಅಭಿಪ್ರಾಯ ಸ್ಪಷ್ಟ: ದುಡ್ಡು ಸಾಲದಿದ್ದರೆ ಗ್ರಾಫಿಕ್ಸ್ ಕಾರ್ಡಿನಲ್ಲಿ ಒಂದು ಮೆಟ್ಟಿಲು ಇಳಿಯಿರಿ, ಎಸ್‌ಎಂಪಿಎಸ್‌ನಲ್ಲಿ ಬೇಡ. ಕಾರ್ಡನ್ನು ಮುಂದೆ ಬದಲಿಸಬಹುದು. ಕೆಟ್ಟ ಎಸ್‌ಎಂಪಿಎಸ್ ಹೋಗುವಾಗ ಪಕ್ಕದವುಗಳನ್ನೂ ಕರೆದುಕೊಂಡು ಹೋಗಬಹುದು.

80 ಪ್ಲಸ್ ಬ್ರಾಂಜ್ ಗುರುತು ಇದ್ದರೆ ಒಳ್ಳೆಯದೇ. ಅದು ಎಷ್ಟು ಕರೆಂಟ್ ಶಾಖವಾಗಿ ವ್ಯರ್ಥವಾಗುತ್ತದೆ ಎಂಬುದರ ಗುರುತು, ರಕ್ಷಣೆಯ ಗ್ಯಾರಂಟಿ ಅಲ್ಲ. ಓವರ್‌ವೋಲ್ಟೇಜ್, ಓವರ್‌ಪವರ್, ಶಾರ್ಟ್ ಸರ್ಕ್ಯೂಟ್, ಅತಿಬಿಸಿ, ಈ ನಾಲ್ಕು ರಕ್ಷಣೆ ವಿವರದಲ್ಲಿ ಇರಲಿ. ಪೂರ್ತಿ ವ್ಯಾಟನ್ನು 40 ಡಿಗ್ರಿಯಲ್ಲಿ ಕೊಡುತ್ತದೆ ಎಂದಿದ್ದರೆ, 25 ಡಿಗ್ರಿಯಲ್ಲಿ ಎಂದಿರುವುದಕ್ಕಿಂತ ಮೇಲು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ 25 ಡಿಗ್ರಿಯ ಕೋಣೆ ಎಲ್ಲಿಂದ ಬರಬೇಕು, ಅಲ್ವಾ? ಕಾರ್ಡಿಗೆ ಬೇಕಾದ 6+2 ಪಿನ್ ಕೇಬಲ್ ಅದರಲ್ಲೇ ಇರಬೇಕು. ಮೋಲೆಕ್ಸ್‌ನಿಂದ ಬದಲಿಸಿಕೊಳ್ಳುವ ಪ್ರಸಂಗ ಬಂದರೆ ಆ ಎಸ್‌ಎಂಪಿಎಸ್ ಆ ಕಾರ್ಡಿಗಲ್ಲ. ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ಧೈರ್ಯವಾಗಿ ತನ್ನಿ, ಸೆಕೆಂಡ್ ಹ್ಯಾಂಡ್ ಎಸ್‌ಎಂಪಿಎಸ್ ಬೇಡ. ಕೆಪಾಸಿಟರ್‌ಗಳ ವಯಸ್ಸು ಹೊರಗಿನಿಂದ ಕಾಣುವುದಿಲ್ಲ.

ಕೂರಿಸುವಾಗ ಪ್ರೊಸೆಸರ್‌ನ 4+4 ಕನೆಕ್ಟರ್ ಮತ್ತು ಕಾರ್ಡಿನ 6+2 ಕನೆಕ್ಟರ್ ಅದಲುಬದಲಾಗದಂತೆ ನೋಡಿಕೊಳ್ಳಿ. ನೋಡಲು ಒಂದೇ ಥರ ಇದ್ದರೂ 12 ವೋಲ್ಟ್ ಮತ್ತು ಗ್ರೌಂಡ್ ಜಾಗ ಉಲ್ಟಾ. ಸಲೀಸಾಗಿ ಕೂರದಿದ್ದರೆ ಬಲ ಹಾಕಬೇಡಿ. ಆನ್ ಆದ ಮೇಲೆ ಮೊದಲ ದಿನವೇ, ಮುಂಚೆ ಆಫ್ ಆಗುತ್ತಿದ್ದ ಅದೇ ಗೇಮನ್ನು ಒಂದು ಗಂಟೆ ಓಡಿಸಿ, ಮೋಲೆಕ್ಸ್‌ನಲ್ಲಿ 12 ವೋಲ್ಟ್ ಮತ್ತೆ ಅಳೆಯಿರಿ. ಬಿಲ್ ಮತ್ತು ಸೀರಿಯಲ್ ನಂಬರಿನ ಫೋಟೋ ತೆಗೆದಿಡಿ, ಡಬ್ಬದ ಸೀಲ್ ಸ್ಟಿಕ್ಕರ್ ಕೀಳಬೇಡಿ, ಕಿತ್ತರೆ ವಾರಂಟಿ ಹೋಗುತ್ತದೆ. ಹಳೆಯದನ್ನು ಇ-ವೇಸ್ಟ್‌ಗೆ ಹಾಕಿ. 'ಸಣ್ಣ ಪಿಸಿಗೆ ಆದೀತು' ಅಂತ ಬೇರೆಯವರಿಗೆ ಕೊಡಬೇಡಿ.